ಫಿಟ್ಟರಣ್ಣ ಮತ್ತು ಹನ್ನೊಂದು ಗೈರುಹಾಜರಿ

ನಾನು ಈಗ ಚಿತ್ರದುರ್ಗದಲ್ಲಿ ವಾರಕ್ಕೆರಡು ದಿನ ಕಾನೂನು ವಿದ್ಯಾರ್ಥಿಗಳಿಗೆ ಕಾರ್ಮಿಕ ಕಾನೂನಿನ ಪಾಠ ಹೇಳುತ್ತೇನೆ. ಹಳೆಯ ಕಾಯ್ದೆಗಳನ್ನೆಲ್ಲ ಒಟ್ಟುಗೂಡಿಸಿ ನಾಲ್ಕು ಸಂಹಿತೆ ಮಾಡಿಟ್ಟ ಮೇಲೆ ನನ್ನಂಥ ಹಳಬರಿಗೂ ಹೊಸದಾಗಿ ಓದಿಕೊಂಡು ಹೋಗುವ ಗ್ರಹಚಾರ ಬಂದಿದೆ. ಹೋದ ತಿಂಗಳು ಒಂದು ಮಧ್ಯಾಹ್ನ ಬೋರ್ಡಿನ ಮೇಲೆ 'ಸಹಜ ನ್ಯಾಯ' ಎಂದು ದೊಡ್ಡದಾಗಿ ಬರೆದು, ಅಡಿಗೆರೆ ಎಳೆದು, ಕೆಮ್ಮಿ, ಇನ್ನೇನು ಬಾಯಿ ತೆರೆಯಬೇಕು, ತುರುವನೂರಿನಿಂದ ಫೋನ್ ಬಂತು. ಫಿಟ್ಟರಣ್ಣ ತೀರಿಕೊಂಡರಂತೆ. ಬೆಳಿಗ್ಗೆಯೇ ಮಣ್ಣು ಮಾಡಿದರಂತೆ. ಎದುರಿಗೆ ಕೂತವರಿಗೆ ಏನು ಹೇಳಬೇಕೋ ತಿಳಿಯದೆ ಅವರ ಕಥೆಯನ್ನೇ ಹೇಳಿದೆ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನನ್ನ ಪಾಠಕ್ಕೆ ಹಾಗಾದದ್ದು ಅದೇ ಮೊದಲು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಪತ್ರಿಕೆಯವರೊಬ್ಬರು ಫೋಟೊ ಕೇಳಿದ್ದಕ್ಕೆ, "ನನ್ ಫೋಟೊ ಗೇಟ್ ಪಾಸಿನಾಗೆ ಐತೆ, ಸಾಕು ಬಿಡ್ರಿ" ಎಂದು ಕಳಿಸಿದ್ದ ಮನುಷ್ಯ. ಊರಿಗೆಲ್ಲ ಅವರು ಫಿಟ್ಟರಣ್ಣ. ನಾನೂ ಹಾಗೇ ಕರೆಯುತ್ತೇನೆ.

ಹಿರಿಯೂರಿನ ಹೊರಗೆ, ಹೆದ್ದಾರಿಯ ಬದಿಗೆ, ಆಗ ಒಂದು ಸಣ್ಣ ನೂಲಿನ ಗಿರಣಿ ಇತ್ತು. ಈಗ ಅದು ಯಾರದೋ ಗೋಡೌನ್. ಹೊಳಲ್ಕೆರೆಯ ಹುಡುಗನಾದ ನಾನು ಎಂ.ಎಸ್.ಡಬ್ಲ್ಯೂ ಮುಗಿಸಿ, ಇಸ್ತ್ರಿ ಮಾಡಿದ ಎರಡೇ ಎರಡು ಅಂಗಿ ಇಟ್ಟುಕೊಂಡು, ಅಲ್ಲಿಗೆ ಕಾರ್ಮಿಕ ಕಲ್ಯಾಣಾಧಿಕಾರಿಯಾಗಿ ಸೇರಿದೆ. ಹುದ್ದೆಯ ಹೆಸರು ಕೇಳಿ ನಮ್ಮಮ್ಮ ಬೀದಿಗೆಲ್ಲ ಸಕ್ಕರೆ ಹಂಚಿದ್ದಳು. ಕಲ್ಯಾಣ ಎಂದರೆ ಕ್ಯಾಂಟೀನಿನ ಚಹ ರುಚಿ ನೋಡುವುದು ಮತ್ತು ಮ್ಯಾನೇಜರ್ ಹೇಳಿದವರಿಗೆಲ್ಲ ಮೆಮೊ ಬರೆಯುವುದು ಎಂದು ನನಗೆ ಮೊದಲ ವಾರದಲ್ಲೇ ಗೊತ್ತಾಯಿತು. ಅಮ್ಮನಿಗೆ ಹೇಳಲಿಲ್ಲ.

ಫಿಟ್ಟರಣ್ಣ ಆ ಗಿರಣಿಯ ಹಳೆಯ ಯಂತ್ರಗಳನ್ನು ಬೈದು, ಬಡಿದು, ಎಣ್ಣೆ ಕುಡಿಸಿ ಓಡಿಸುತ್ತಿದ್ದವರು. ಎತ್ತರದ ಒಣಕಲು ಆಳು. ಹುಬ್ಬಿನ ಮೇಲೆ, ಕಿವಿಯ ಸಂದಿಯಲ್ಲಿ ಯಾವಾಗಲೂ ಹತ್ತಿಯ ಧೂಳು. ಕನ್ನಡಕದ ಒಂದು ಕಡ್ಡಿ ಮುರಿದುಹೋಗಿ ಆ ಜಾಗದಲ್ಲಿ ಗಿರಣಿಯ ನೂಲನ್ನೇ ಕಿವಿಗೆ ಸುತ್ತಿಕೊಳ್ಳುತ್ತಿದ್ದರು. ಕಾಗದ ಮುಟ್ಟುವ ಮೊದಲು ಸೀಮೆಎಣ್ಣೆಯಲ್ಲಿ ಕೈ ತೊಳೆದು, ಆಮೇಲೆ ಸೋಪು ಹಚ್ಚಿ, ಆಮೇಲೆ ಫ್ಯಾನಿನ ಎದುರು ಎರಡೂ ಕೈ ಹಿಡಿದು ಒಣಗಿಸಿಕೊಳ್ಳುತ್ತಿದ್ದರು. ಅಷ್ಟೂ ಹೊತ್ತು ಎದುರಿನವರು ಕಾಯಬೇಕು. ಮ್ಯಾನೇಜರ್ ಕೂಡ ಕಾಯುತ್ತಿದ್ದರು. ಸೀಮೆಎಣ್ಣೆಯ ವಾಸನೆ ಬಂತೆಂದರೆ ಆಡಳಿತ ಕಚೇರಿಯಲ್ಲಿ ಎಲ್ಲರೂ ಒಮ್ಮೆ ಶರ್ಟಿನ ಗುಂಡಿ ಸರಿಮಾಡಿಕೊಳ್ಳುತ್ತಿದ್ದರು.

ಓದಿದ್ದು ಏಳನೇ ತರಗತಿ. ಕಾನೂನು ಕಲಿತದ್ದು ಗೇಟಿನ ಪಕ್ಕದ ನೋಟಿಸ್ ಬೋರ್ಡಿನಲ್ಲಿ. ಕಾರ್ಖಾನೆ ಎಂದ ಮೇಲೆ ಕಾಯ್ದೆಯ ಸಾರಾಂಶವನ್ನು, ಸ್ಥಾಯೀ ಆದೇಶಗಳನ್ನು, ಎಂದರೆ ಆ ಗಿರಣಿಯಲ್ಲಿ ಕೆಲಸಕ್ಕೆ ಸೇರುವುದರಿಂದ ಹಿಡಿದು ಕೆಲಸದಿಂದ ತೆಗೆಯುವವರೆಗಿನ ನಿಯಮಗಳನ್ನು, ಕನ್ನಡದಲ್ಲಿ ಅಚ್ಚು ಹಾಕಿಸಿ ಎಲ್ಲರಿಗೂ ಕಾಣುವಂತೆ ನೇತು ಹಾಕಬೇಕು. ನಾವು ಹಾಕಿದ್ದೆವು. ಯಾರೂ ಓದುವುದಿಲ್ಲ ಎಂಬ ಧೈರ್ಯದಿಂದಲೇ ಎಲ್ಲ ಕಡೆಯೂ ಹಾಕುತ್ತಾರೆ. ಇವರು ಪಾಳಿ ಶುರುವಾಗುವ ಇಪ್ಪತ್ತು ನಿಮಿಷ ಮೊದಲೇ ಬಂದು, ತೋಳಿನಿಂದ ಗಾಜು ಒರೆಸಿ, ದಿನಕ್ಕೊಂದು ಕಲಮು ಓದಿ ಒಳಗೆ ಹೋಗುತ್ತಿದ್ದರು. ಮುಗಿದರೆ ಮತ್ತೆ ಮೊದಲಿನಿಂದ. ಒಂದು ಸಲ ಗೋಡೆಗೆ ಸುಣ್ಣ ಬಳಿಯಲೆಂದು ನಾನು ಆ ಬೋರ್ಡನ್ನು ತೆಗೆಸಿ ಸ್ಟೋರ್ ರೂಮಿನಲ್ಲಿ ಇಡಿಸಿದೆ. ಅರ್ಧ ಗಂಟೆಯಲ್ಲಿ ಸೀಮೆಎಣ್ಣೆಯ ವಾಸನೆ ಬಂತು.

"ಸಾರ್, ಕಾನೂನು ಎಲ್ಲಿ?"

"ಎರಡು ದಿನ ಅಷ್ಟೇ ಫಿಟ್ಟರಣ್ಣ. ಸುಣ್ಣ ಒಣಗಲಿ."

"ಸುಣ್ಣ ಒಣಗಾವರ್ಗೂ ಏನು, ಗಿರಣಿ ಕಾನೂನಿಲ್ದೆ ಓಡತೈತಾ? ಗೇಟಿನ ಹತ್ರ ಎಲ್ರಿಗೂ ಕಾಣಂಗೆ ಇರ್ಬೇಕು ಅಂತ ಅದ್ರಾಗೇ ಬರೆದೈತೆ, ನೋಡ್ರಿ."

ಎರಡು ದಿನ ಆ ಬೋರ್ಡು ಗೇಟಿನ ಎದುರಿನ ಬೇವಿನ ಮರಕ್ಕೆ ನೇತಾಡಿತು. ಹಾದುಹೋಗುವವರು ಯಾವುದೋ ಸಿನಿಮಾದ ಜಾಹೀರಾತೆಂದು ನಿಂತು ನೋಡುತ್ತಿದ್ದರು.

ನನಗೂ ಅವರಿಗೂ ನಿಜವಾದ ಪರಿಚಯ ಆದದ್ದು ನಾನು ಬರೆದ ಮೊದಲ ಆರೋಪ ಪತ್ರದಿಂದ. ಒಬ್ಬ ಕೆಲಸಗಾರ ಹತ್ತಿಯ ಬೇಲುಗಳ ಪಕ್ಕ ಬೀಡಿ ಹಚ್ಚಿದ್ದ. ನಾನು ಉತ್ಸಾಹದಿಂದ, 'ನೀವು ಅತ್ಯಂತ ಗಂಭೀರ ತಪ್ಪು ಮಾಡಿರುತ್ತೀರಿ. ನಿಮ್ಮನ್ನು ಏಕೆ ವಜಾ ಮಾಡಬಾರದು ಎಂಬುದಕ್ಕೆ ಉತ್ತರ ಕೊಡಿ' ಎಂದು ಬರೆದು, ಎರಡು ಸಲ ಓದಿಕೊಂಡು, ಖುಷಿಪಟ್ಟು ಕಳಿಸಿದೆ. ಫಿಟ್ಟರಣ್ಣ ಅದನ್ನು ಎರಡು ಬೆರಳಲ್ಲಿ ಹಿಡಿದು ವಾಪಸು ತಂದರು.

"ಮೊದಲ್ನೇ ಸಾಲಿನಾಗೇ ನೇಣಿಗೆ ಹಾಕಿ, ಎರಡನೇ ಸಾಲಿನಾಗೆ ನಿಂದೇನಾರ ಹೇಳಾದೈತಾ ಅಂತ ಕೇಳೀರಲ್ಲ ಸಾರ್. ಇದು ಆರೋಪನೋ ತೀರ್ಪೋ?"

ನನ್ನ ಮುಖ ಕೆಂಪಾಯಿತು. ಆರೋಪ ಎಂದರೆ ಇನ್ನೂ ಗೊತ್ತಿಲ್ಲದ ವಿಷಯ, ಗೊತ್ತಿಲ್ಲದವರ ಹಾಗೆಯೇ ಅದನ್ನು ಬರೆಯಬೇಕು ಎಂದು ಅವರು ನನ್ನ ಮೇಜಿನ ಎದುರು ನಿಂತುಕೊಂಡೇ ವಿವರಿಸಿದರು. ವಿಶ್ವವಿದ್ಯಾಲಯದಲ್ಲಿ ಇದನ್ನು ನನಗೆ ಎರಡು ವರ್ಷ ಕಲಿಸಿದ್ದರು, ನನಗೆ ರ್‍ಯಾಂಕೂ ಬಂದಿತ್ತು. ಅರ್ಥ ಆದದ್ದು ಅವತ್ತು. ಅಲ್ಲಿಂದ ಹೊರಗೆ ಹೋಗಿ ಅವರು ಬೀಡಿಯವನನ್ನು ಹಿಡಿದುಕೊಂಡರು. "ಸೇದಿದ್ದು ಹೌದೋ ಅಲ್ವೋ? ಹೌದು ತಾನೆ? ಹಂಗಾದ್ರೆ ಒಪ್ಕೋ. ತಪ್ಪಿಲ್ಲ ಅಂತ ನಾನು ಹೇಳಲ್ಲ. ತಪ್ಪಿಗೆ ತಕ್ಕಂಗೆ ಶಿಕ್ಷೆ ಕೊಡ್ರಿ ಅಂತ ಕೇಳಾಣ."

ಇದಕ್ಕೇ ಎಷ್ಟೋ ಕೆಲಸಗಾರರಿಗೆ ಅವರ ಮೇಲೆ ಸಿಟ್ಟಿತ್ತು. ನಮ್ಮ ಕಡೆಯವನೋ ಅವರ ಕಡೆಯವನೋ ಎಂದು ಕ್ಯಾಂಟೀನಿನಲ್ಲಿ ಜಗಳವಾಡುತ್ತಿದ್ದರು. ಫಿಟ್ಟರಣ್ಣ ಚಹ ಹೀರುತ್ತಾ ಕೂತಿರುತ್ತಿದ್ದರು. ಆ ಚಹಕ್ಕೆ ದುಡ್ಡು ಕೊಟ್ಟದ್ದನ್ನು ನಾನು ನೋಡಿಲ್ಲ, ಅದನ್ನೂ ಹೇಳಿಬಿಡಬೇಕು. ತಮ್ಮ ಸ್ಪ್ಯಾನರನ್ನು ಯಾರಿಗೂ ಕೊಡುತ್ತಿರಲಿಲ್ಲ. ಸೋತ ವಾದವನ್ನು ಸೋತೆನೆಂದು ಒಪ್ಪಿದ್ದೂ ಇಲ್ಲ. ಅವರ ಹೆಂಡತಿ ಒಮ್ಮೆ ನನ್ನ ಹತ್ತಿರ, "ಸಾರಿಗೆ ಉಪ್ಪು ಜಾಸ್ತಿ ಆದ್ರೆ ಕಾರಣ ಕೇಳಿ ನೋಟಿಸ್ ಕೊಡ್ತಾರೆ, ಇಂಥಾ ಗಂಡನ್ನ ಕಟ್ಕಂಡು ಏನ್ ಮಾಡಾಣ ಹೇಳ್ರಿ" ಎಂದು ನಕ್ಕಿದ್ದರು.

ಊಟದ ಹೊತ್ತಿನಲ್ಲಿ ಮಾತ್ರ ಅವರ ಸುತ್ತ ಜನ ಸೇರುತ್ತಿದ್ದರು. ಲೇ-ಆಫ್ ಅಂದರೇನು, ರಿಟ್ರೆಂಚ್‌ಮೆಂಟ್ ಅಂದರೇನು, ಎರಡೂ ಒಂದೇನಾ ಎಂದು ಹೆಂಗಸರು ಕೇಳುತ್ತಿದ್ದರು. "ಹೊಸದುರ್ಗದ ಬಸ್ ಹತ್ತೀಯಲ್ಲ, ಅದು ಕೆಟ್ಟು ನಿಂತ್ಕಂತು ಅಂತಿಟ್ಕ. ಎಲ್ರೂ ಒಳಗೇ ಕುಂತಿರ್ರಿ, ಟಿಕೆಟ್ ಐತೆ, ಗಾಡಿ ರಿಪೇರಿ ಆದ್ಮ್ಯಾಲೆ ಹೋಗಾಣ ಅಂದ್ರೆ ಅದು ಲೇ-ಆಫು. ಭಾರ ಜಾಸ್ತಿ ಆತು, ನಾಕು ಜನ ಇಳೀರಿ ಅಂದ್ರೆ ಅದು ರಿಟ್ರೆಂಚ್‌ಮೆಂಟು. ಇಳಿಯಾದು ಯಾರು ಮೊದ್ಲು? ಕೊನೇ ಸ್ಟಾಪಿನಾಗೆ ಹತ್ತಿ ಬಾಗಿಲಾಗೆ ನಿಂತೋರು. ಒಳಗೆ ಕುಂತೋರನ್ನ ಎಬ್ಬಿಸಂಗಿಲ್ಲ." ಇದನ್ನು ನಾನು ಈಗಲೂ ಕ್ಲಾಸಿನಲ್ಲಿ ಹೇಳುತ್ತೇನೆ. ಪರೀಕ್ಷೆಯಲ್ಲಿ ಒಬ್ಬ ಹುಡುಗ ಬಸ್ಸಿನ ನಂಬರು ಸಹಿತ ಬರೆದಿದ್ದ.

ಅವರ ತಂಗಿಯ ಮಗಳನ್ನು ನೋಡಲು ಚಿಕ್ಕಜಾಜೂರಿನಿಂದ ಬಂದ ಗಂಡಿನ ಕಡೆಯವರು ನಿಶ್ಚಿತಾರ್ಥ ಆಗಲಿ, ಮದುವೆ ಆರು ತಿಂಗಳು ಬಿಟ್ಟು ನೋಡೋಣ ಎಂದರಂತೆ. ಫಿಟ್ಟರಣ್ಣ ಶಾಂತವಾಗಿ, "ಪ್ರೊಬೇಷನ್ ಇಡ್ರಿ, ಬ್ಯಾಡ ಅನ್ನಲ್ಲ. ಆರು ತಿಂಗಳಾದ್ಮ್ಯಾಲೆ ನಮ್ ಹುಡುಗೀನೂ ನಿಮ್ ಹುಡುಗನ್ನ ಖಾಯಂ ಮಾಡ್ಕಳಾದೋ ಬಿಡಾದೋ ನೋಡ್ತಾಳೆ" ಎಂದರು. ಮದುವೆ ತಿಂಗಳೊಪ್ಪತ್ತಿನಲ್ಲಿ ನಡೆಯಿತು. ನಾನೂ ಉಂಡು ಬಂದೆ.

ಇನ್ನು ಓಬಕ್ಕನ ವಿಚಾರ. ನಾನು ಕ್ಲಾಸಿನಲ್ಲಿ ಹೇಳಿದ್ದೂ ಇದನ್ನೇ.

ನೂಲಿನ ಗಿರಣಿಗಳಲ್ಲಿ ಖಾಯಂ ಕೆಲಸಗಾರರ ಜೊತೆಗೆ 'ಬದಲಿ'ಯವರು ಎಂದಿರುತ್ತಾರೆ. ಇವರು ದಿನಾ ಬೆಳಿಗ್ಗೆ ಗೇಟಿಗೆ ಬಂದು ನಿಲ್ಲಬೇಕು. ಒಳಗೆ ಯಾರಾದರೂ ಬಂದಿಲ್ಲದಿದ್ದರೆ ಇವರನ್ನು ಕರೆಯುತ್ತಾರೆ. ಎಲ್ಲರೂ ಬಂದಿದ್ದರೆ ಇವರು ಬಂದ ದಾರಿ ಹಿಡಿಯಬೇಕು. ಆದರೆ ಹನ್ನೆರಡು ತಿಂಗಳಲ್ಲಿ ಇನ್ನೂರ ನಲವತ್ತು ದಿನ ಕೆಲಸ ಮಾಡಿದ್ದಾರೆಂದಾದರೆ ಅದನ್ನು ಒಂದು ವರ್ಷದ ನಿರಂತರ ಸೇವೆ ಎಂದು ಕಾನೂನು ಎಣಿಸುತ್ತದೆ. ಆಮೇಲೆ ಅವರನ್ನು ಬದಲಿ ಎಂದು ಗೇಟಿನಲ್ಲಿ ನಿಲ್ಲಿಸಿ ವಾಪಸು ಕಳಿಸುವುದು ಸುಲಭವಲ್ಲ. ಅದಕ್ಕೇ ನಮ್ಮ ಮ್ಯಾನೇಜರ್ ಆ ಸಂಖ್ಯೆಯ ಹತ್ತಿರ ಬಂದವರನ್ನು ಕರೆಯುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಪಟ್ಟಿ ಮಾಡಿ ಕೊಡುತ್ತಿದ್ದವನು ನಾನು.

ಮಾಡದಕೆರೆ ಕಡೆಯ ಶಾರದಾ ಎಂಬ ಹೆಂಗಸು ಹಿರಿಯೂರಿನಲ್ಲಿ ಒಂದು ಕೋಣೆ ಹಿಡಿದುಕೊಂಡು ಬದಲಿಯಾಗಿ ಬರುತ್ತಿದ್ದಳು. ಗಂಡ ಇಲ್ಲ, ಶಾಲೆಗೆ ಹೋಗುವ ಮಗಳಿದ್ದಳು. ಕರೆಯದ ದಿನ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬುತ್ತಿ ಉಂಡು ಹೋಗುತ್ತಿದ್ದಳು. ಕಟ್ಟಿದ ಬುತ್ತಿಯನ್ನು ಹಾಗೇ ಮನೆಗೆ ಒಯ್ದರೆ ಮಗಳಿಗೆ ಗೊತ್ತಾಗುತ್ತದೆ ಎಂದು. ಎರಡು ಎಳೆ ಸೇರಿಸಿ ಹುರಿ ಮಾಡುವ ಒಂದು ಹಳೇ ಯಂತ್ರವಿತ್ತು. ಅದನ್ನು ಓಡಿಸಲು ಬರುತ್ತಿದ್ದವರು ಇಡೀ ಗಿರಣಿಯಲ್ಲಿ ಇಬ್ಬರೇ. ಒಬ್ಬಳು ಇಪ್ಪತ್ತು ವರ್ಷದಿಂದ ಖಾಯಂ ಆಗಿದ್ದ ಓಬಕ್ಕ, ಇನ್ನೊಬ್ಬಳು ಅವಳ ಕೈಯಲ್ಲೇ ಕೆಲಸ ಕಲಿತ ಶಾರದಾ.

ಶಾರದಾ ಇನ್ನೂರ ಇಪ್ಪತ್ತೊಂಬತ್ತಕ್ಕೆ ಬಂದು ನಿಂತಳು. ವರ್ಷ ತುಂಬಲು ಇನ್ನು ಮೂರು ವಾರ. ಪಟ್ಟಿ ಕೊಟ್ಟೆ. ಅವಳನ್ನು ಕರೆಯಬೇಡಿ ಎಂದು ಮ್ಯಾನೇಜರ್ ಹೇಳಿದರು. ಮಾರನೆಯ ದಿನ ಓಬಕ್ಕ ಬರಲಿಲ್ಲ. ರಜೆ ಚೀಟಿಯೂ ಇಲ್ಲ. ಯಂತ್ರ ನಿಂತರೆ ಆರ್ಡರು ನಿಲ್ಲುತ್ತದೆ, ಮೇಸ್ತ್ರಿ ಬೇರೆ ದಾರಿ ಕಾಣದೆ ಗೇಟಿಗೆ ಓಡಿ ಶಾರದಳನ್ನೇ ಕರೆತಂದ. ಎರಡು ದಿನ ಬಿಟ್ಟು ಓಬಕ್ಕ ಬಂದಳು, ಮತ್ತೆ ಮೂರು ದಿನ ಇಲ್ಲ. ಹೀಗೆ ಒಟ್ಟು ಹನ್ನೊಂದು ದಿನ. ಲೆಕ್ಕ ಸರಿಯಾಗಿ ಇನ್ನೂರ ನಲವತ್ತಾಯಿತು. ಇಪ್ಪತ್ತು ವರ್ಷ ಜ್ವರ ಬಂದರೂ ಬಿಡದೆ ಬಂದವಳಿಗೆ ಒಮ್ಮೆಗೇ ಏನಾಯಿತು ಎಂದು ನಾನು ಪೆದ್ದುಪೆದ್ದಾಗಿ ಆಶ್ಚರ್ಯಪಡುತ್ತಿದ್ದೆ. ಮ್ಯಾನೇಜರ್‌ಗೆ ಲೆಕ್ಕ ನೋಡಿದ ತಕ್ಷಣ ಹೊಳೆಯಿತು.

ಅವರು ಕೆಂಡವಾಗಿ ಎರಡು ಆಜ್ಞೆ ಹೊರಡಿಸಿದರು. ಟೈಮ್‌ಕೀಪರ್‌ಗೆ, ನನಗೆ ಗೊತ್ತಿಲ್ಲದಂತೆ, ಹೇಳಿದ್ದು: ಆ ಹನ್ನೊಂದು ದಿನದ ಹಾಜರಿಯನ್ನು ಶಾರದಳ ಹೆಸರಿಗಲ್ಲ, ಓಬಕ್ಕನ ಹೆಸರಿಗೆ ಹಾಕು. ಕೂಲಿಯನ್ನು ಚೀಟಿಯ ಮೇಲೆ ಶಾರದಳಿಗೇ ಕೊಡು, ಪುಸ್ತಕದಲ್ಲಿ ಮಾತ್ರ ಅವಳು ಬೇಡ. ನನಗೆ ಹೇಳಿದ್ದು: ರಜೆಯಿಲ್ಲದೆ ಪದೇ ಪದೇ ಗೈರುಹಾಜರಾದಳೆಂದು ಓಬಕ್ಕನ ಮೇಲೆ ಆರೋಪ ಪತ್ರ ಹಾಕು, ವಿಚಾರಣೆ ಮುಗಿಸಿ ಮನೆಗೆ ಕಳಿಸೋಣ, ಉಳಿದವರಿಗೆ ಬುದ್ಧಿ ಬರಲಿ. ಸಿಟ್ಟಿನಲ್ಲಿ ಅವರಿಗೆ ಈ ಎರಡೂ ಒಂದಕ್ಕೊಂದು ತಾಳೆಯಾಗುವುದಿಲ್ಲ ಎಂದು ತಿಳಿಯಲಿಲ್ಲ. ತಿಂಗಳ ಕೊನೆಗೆ ಹಾಜರಿ ಪುಸ್ತಕದ ಅಡಿಗೆ ಸಹಿ ಹಾಕುವವನು ನಾನು. ಎಂದಿನಂತೆ ನೋಡದೆ ಹಾಕಿದ್ದೆ.

ವಿಚಾರಣೆ ನಡೆಸಲು ಚಿತ್ರದುರ್ಗದಿಂದ ಒಬ್ಬ ವಕೀಲರು ಬಂದರು. ಆಡಳಿತದ ಪರವಾಗಿ ದಾಖಲೆ ಮಂಡಿಸುವವನೂ ನಾನೇ, ಸಾಕ್ಷಿಯೂ ನಾನೇ. ಓಬಕ್ಕನ ಸಹಾಯಕರಾಗಿ ಫಿಟ್ಟರಣ್ಣ ಬಂದರು. ಸಹೋದ್ಯೋಗಿಯೊಬ್ಬರನ್ನು ಜೊತೆಗೆ ಕರೆತರುವುದು ಕೆಲಸಗಾರರ ಹಕ್ಕು. ಒಳಗೆ ಬಂದವರು ಕೂರಲಿಲ್ಲ.

"ಮೊದ್ಲು ಆಕಿಗೆ ಕುರ್ಚಿ ಕೊಡ್ರಿ."

"ಆರೋಪಿ ನಿಂತಿರ್ತಾರಪ್ಪ" ಎಂದರು ವಕೀಲರು.

"ಆರೋಪ ನಿಂತ್ಕಂಡಿರ್ಲಿ ಸ್ವಾಮಿ. ಆಕಿ ಕುಂತ್ಕಳ್ಲಿ."

ಕುರ್ಚಿ ಬಂತು. ಓಬಕ್ಕ ಅದರ ಅಂಚಿನಲ್ಲಿ, ಈಗಲೋ ಆಗಲೋ ಎದ್ದು ಹೋಗುವವಳಂತೆ ಕೂತಳು. ಫಿಟ್ಟರಣ್ಣ ಹಾಜರಿ ಪುಸ್ತಕ ನೋಡಬೇಕು ಎಂದರು. ಕೊಟ್ಟೆ. ಹಾಳೆ ತಿರುವುತ್ತಾ ಹೋದ ಬೆರಳು ಒಂದು ಕಡೆ ನಿಂತಿತು. ಅವರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನನ್ನ ಸಹಿ ನೋಡಿದರು, ನನ್ನನ್ನು ನೋಡಿದರು. ಬಗ್ಗಿ ನೋಡಿದ ನನಗೂ ಆಗಲೇ ಗೊತ್ತಾಯಿತು. ಹನ್ನೊಂದು ದಿನವೂ ಓಬಕ್ಕನ ಹೆಸರಿನ ಮುಂದೆ 'ಹಾಜರು'. ಫಿಟ್ಟರಣ್ಣ ಪುಸ್ತಕ ಮುಚ್ಚಿ ವಕೀಲರ ಮುಂದೆ ಸರಿಸದೆ ನನ್ನ ಕಡೆಗೇ ಸರಿಸಿದರು. ಐದು ನಿಮಿಷ ಬಿಡುವು ಕೇಳಿ ಓಬಕ್ಕನನ್ನು ಹೊರಗೆ ಕರೆದೊಯ್ದರು.

ಅವರಿಬ್ಬರೂ ಹೊರಗೆ ನಿಂತ ಕಿಟಕಿಯ ಪಕ್ಕದಲ್ಲೇ, ಒಳಗೆ, ನೀರಿನ ಮಡಕೆ. ನನಗೆ ವಿಪರೀತ ಬಾಯಾರಿಕೆಯಾಯಿತು.

"ನೋಡು ಓಬಕ್ಕ, ಆ ಪುಸ್ತಕ ತೋರ್ಸಿದ್ರೆ ನಿನ್ ಕೇಸು ಈಗ್ಲೇ ಮುಗೀತು. ನೀನು ಬಂದೀಯ ಅಂತ ಅವ್ರೇ ಬರೆದಾರೆ. ಆದ್ರೆ ಆ ದಿನಗಳು ನಿಂದು ಅಂತಾಗ್ತವೆ. ಶಾರದಂದು ಅಲ್ಲ."

"ನಾ ಬಂದಿಲ್ವಲ್ಲಣ್ಣ."

"ಬಂದಿಲ್ಲ ಅಂದ್ರೆ ನಿನ್ ಕೆಲ್ಸಕ್ಕೆ ಕುತ್ತು ಐತೆ. ಇಪ್ಪತ್ತು ವರ್ಷದ್ದು."

"ಹನ್ನೊಂದು ದಿನ ಮನ್ಯಾಗೆ ಕುಂತು ನಮ್ಮತ್ತೆ ಕೈಲಿ ಬೈಸ್ಕಂಡೀನಿ. ಅದನ್ನ ಇವ್ರು ಒಂದ್ ಗೀರಿನಾಗೆ ಸುಳ್ಳು ಮಾಡ್ತಾರಾ? ಬಂದಿಲ್ಲ ಅಂದ್ರೆ ಬಂದಿಲ್ಲ ಅಷ್ಟೇ ಕಣಣ್ಣ. ಹೋದ್ರೆ ನಂದು ಹೋಗ್ಲಿ, ಆಕಿ ದಿನ ಆಕಿಗಿರ್ಲಿ."

ಅಷ್ಟರಲ್ಲಿ ವಕೀಲರು ನನ್ನನ್ನು ಕರೆದರು. ಮುಂದಿನ ಮಾತು ನನಗೆ ಕೇಳಿಸಲಿಲ್ಲ.

ಒಳಗೆ ಬಂದ ಫಿಟ್ಟರಣ್ಣ ಈ ಸಲ ಕೂತರು. "ಆರೋಪ ಒಪ್ಕಂತೀವಿ ಸ್ವಾಮಿ. ಹನ್ನೊಂದು ದಿನಾನೂ ಆಕಿ ಬಂದಿಲ್ಲ. ಬರ್ಕಳ್ರಿ" ಎಂದರು. ವಕೀಲರ ಪೆನ್ನು ನಿಂತುಬಿಟ್ಟಿತು. ಫಿಟ್ಟರಣ್ಣನಿಂದ ಇಂಥ ಮಾತನ್ನು ಅವರು ನಿರೀಕ್ಷಿಸಿರಲಿಲ್ಲ. ಬರೆದುಕೊಂಡರು. ನಾಲ್ವರೂ ಸಹಿ ಹಾಕಿದೆವು.

"ಈಗ ಆಡಳಿತದ ಸಾಕ್ಷಿಗೆ ಒಂದೇ ಪ್ರಶ್ನೆ. ಸಾರ್, ಆ ಹನ್ನೊಂದು ದಿನ ಹುರಿ ಯಂತ್ರ ಓಡಿತಾ?"

"ಓಡಿತು."

"ಯಾರು ಓಡ್ಸಿದ್ರು?"

ನನ್ನ ಕೈ ಹಾಜರಿ ಪುಸ್ತಕದ ಮೇಲಿತ್ತು. ನೆನಪಿಲ್ಲ ಎನ್ನಬಹುದಿತ್ತು. ಪುಸ್ತಕದಲ್ಲಿ ಇರುವಂತೆ ಎನ್ನಬಹುದಿತ್ತು. ಬಾಗಿಲ ಗಾಜಿನಾಚೆ ಮ್ಯಾನೇಜರ್ ನಿಂತಿದ್ದರು. ಫಿಟ್ಟರಣ್ಣ ನನ್ನನ್ನು ನೋಡುತ್ತ ಇರಲಿಲ್ಲ, ಕಿವಿಯ ನೂಲು ಬಿಚ್ಚಿ ಮತ್ತೆ ಸುತ್ತಿಕೊಳ್ಳುತ್ತಿದ್ದರು. ಕಿವಿಯವರೆಗೆ ಬಿಸಿ ಏರಿತು.

"ಶಾರದಾ" ಎಂದೆ.

"ಬರ್ಕಳ್ರಿ ಸ್ವಾಮಿ. ಒಂದು ಪ್ರತಿ ನಮಗೆ ಕೊಡ್ರಿ."

ಆ ಒಂದು ಪ್ರತಿಯೇ ಎಲ್ಲವೂ ಆಯಿತು. ಓಬಕ್ಕ ಬಂದಿಲ್ಲ ಎಂದು ಆಡಳಿತವೇ ಸಹಿ ಹಾಕಿದೆ, ಶಾರದಾ ಓಡಿಸಿದಳೆಂದು ಆಡಳಿತದ ಸಾಕ್ಷಿಯೇ ಹೇಳಿದ್ದಾನೆ, ಹಾಜರಿ ಪುಸ್ತಕ ಬೇರೆಯೇ ಹೇಳುತ್ತಿದೆ. ಓಬಕ್ಕನನ್ನು ವಜಾ ಮಾಡಿದರೆ ಈ ಕಾಗದ ಕಾರ್ಮಿಕ ಅಧಿಕಾರಿಯ ಮೇಜಿಗೆ ಹೋಗುತ್ತದೆ, ಸುಳ್ಳು ಹಾಜರಿಯನ್ನೂ ಜೊತೆಗೆ ಕರೆದೊಯ್ಯುತ್ತದೆ. ಮ್ಯಾನೇಜರ್ ವಾರದೊಳಗೆ ಟೈಮ್‌ಕೀಪರ್‌ನನ್ನು ಕರೆಸಿದರು. ಪುಸ್ತಕ ತಿದ್ದಿಸಿದರು. ಶಾರದಳ ಇನ್ನೂರ ನಲವತ್ತು ಇನ್ನೂರ ನಲವತ್ತಾಗಿಯೇ ಉಳಿಯಿತು. ಓಬಕ್ಕನ ತಪ್ಪು ರುಜುವಾತಾಗಿತ್ತಲ್ಲ, ಶಿಕ್ಷೆ ಕೊಡದೆ ಬಿಡುವಂತಿರಲಿಲ್ಲ. ಇಪ್ಪತ್ತು ವರ್ಷದ ಶುದ್ಧ ದಾಖಲೆ ನೋಡಿ ನಾಲ್ಕು ದಿನ ಅಮಾನತು ಮಾಡಿದರು. ಆ ನಾಲ್ಕು ದಿನ ಯಂತ್ರ ಓಡಿಸಲು ಗೇಟಿನಿಂದ ಮತ್ತೆ ಶಾರದಳನ್ನೇ ಕರೆಯಬೇಕಾಯಿತು. ಗಿರಣಿಗೆ ಗಿರಣಿಯೇ ನಕ್ಕಿತು.

ನಾನು ನಗುವಷ್ಟರಲ್ಲಿ ನನಗೂ ಒಂದು ಲಕೋಟೆ ಬಂತು. ನೇಮಕಾತಿ ಪತ್ರದ ಷರತ್ತಿನಂತೆ ಒಂದು ತಿಂಗಳ ನೋಟಿಸ್, ನಿಮ್ಮ ಸೇವೆ ಇನ್ನು ಸಾಕು. ಕಾರಣ ಏನೂ ಇಲ್ಲ. ಅದನ್ನು ಹಿಡಿದುಕೊಂಡು ಫಿಟ್ಟರಣ್ಣನ ಹತ್ತಿರ ಹೋದೆ. ಅವರು ಕೈ ತೊಳೆದು, ಒಣಗಿಸಿಕೊಂಡು, ಎರಡು ಸಲ ಓದಿದರು.

"ನನ್ನ ಪರವಾಗಿ ಬರ್ತೀರಾ ಫಿಟ್ಟರಣ್ಣ?"

"ಸಾರ್, ನೀವು ಆಫೀಸರ್ರು. ಕಾನೂನಿನ ಪ್ರಕಾರ ಕಾರ್ಮಿಕರಲ್ಲ. ನೀವು ಸುಣ್ಣ ಬಳ್ಸಿದ್ರಲ್ಲ, ಆ ಗೋಡೆ ಮ್ಯಾಲಿನ ಬೋರ್ಡ್ನಾಗೆ ನಿಮ್ಮ ಸಲುವಾಗಿ ಒಂದು ಸಾಲೂ ಇಲ್ರಿ."

ಅವರ ಮುಖ ಅಷ್ಟು ಸಣ್ಣದಾದದ್ದನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ನನ್ನ ಟ್ರಂಕನ್ನು ಅವರೇ ಹೊತ್ತು ತಂದರು. ಚಹ ಕೊಡಿಸಿದರು, ದುಡ್ಡೂ ಕೊಟ್ಟರು. ಇನ್ನೂ ಪ್ರಾಯ ಇತ್ತು, ಬೇರೆ ಕೆಲಸ ಸಿಕ್ಕಿತು, ಕಾಲ ಸಾಗಿತು. ವರ್ಷಕ್ಕೊಮ್ಮೆ ಯುಗಾದಿಗೆ ಫೋನ್ ಮಾಡುತ್ತಿದ್ದೆ. ಆ ವಿಚಾರಣೆಯ ಮಾತನ್ನು ಮಾತ್ರ ಇಬ್ಬರೂ ಎತ್ತುತ್ತಿರಲಿಲ್ಲ. ಅವತ್ತು ನಾನೊಬ್ಬನೇ, ಯಾರೂ ನೂಕದೆ, ಧೈರ್ಯ ಮಾಡಿ ನಿಜ ಹೇಳಿದೆ ಎಂಬ ಸಣ್ಣ ಜಂಬವನ್ನು ನಾನು ಇಪ್ಪತ್ತು ವರ್ಷ ಜೋಪಾನ ಮಾಡಿಕೊಂಡು ಬಂದಿದ್ದೆ.

ಅವರ ತಿಥಿಗೆ ತುರುವನೂರಿಗೆ ಹೋದೆ. ಊಟದ ಪಂಕ್ತಿಯಲ್ಲಿ ಪಕ್ಕಕ್ಕೆ ಬಂದು ಕೂತವಳು ಓಬಕ್ಕ. ಕೂದಲು ಪೂರ್ತಿ ಬೆಳ್ಳಗಾಗಿದೆ, ದನಿ ಹಾಗೇ ಇದೆ. ಗಿರಣಿ ಮುಚ್ಚುವವರೆಗೆ ಅವಳೂ ಶಾರದಳೂ ಖಾಯಂ ಆಗಿಯೇ ಇದ್ದರಂತೆ. ಬಡಿಸುವವರು ಪಾಯಸ ತರುವಷ್ಟರಲ್ಲಿ ಅವಳು ತಾನಾಗಿಯೇ ಆ ಮಾತು ತೆಗೆದಳು.

"ಅವತ್ತು ಕಿಟಕಿ ಆಚೆ ನಿಂತ್ಕಂಡು ಅಣ್ಣ ಏನ್ ಹೇಳ್ತು ಗೊತ್ತಾ ಸಾರ್? ಒಪ್ಕಳಾಣ, ಆದ್ರೆ ಇನ್ನ ಎಲ್ಲಾ ಆ ಹುಡುಗನ ಬಾಯಾಗೆ ಐತೆ. ಅವ್ನು ಸುಳ್ಳು ಹೇಳಿದ್ರೆ ನಿಂದೂ ಹೋತು, ಶಾರದಂದೂ ಹೋತು. ನಿಜ ಹೇಳಿದ್ರೆ ಅವಂದು ಹೋಗತೈತೆ ಅಂತು. ಹಂಗಾರೆ ಹೇಳ್ತಾನಾ ಅಂದೆ. ಹೇಳ್ತಾನೆ, ಆ ಹುಡುಗಂಗೆ ಸುಳ್ಳು ಹೇಳಾಕೆ ಬರಲ್ಲ, ಮುಖ ಕೆಂಪಗಾಗತೈತೆ ಅಂತು. ಪಾಪ, ಕೆಲ್ಸ ಹೋದ್ರೆ ಅಂದೆ. ಅಣ್ಣ ಕಿವಿ ನೂಲು ಬಿಗಿ ಮಾಡ್ಕಂತು. ಆಮ್ಯಾಲೆ ಒಳಗೆ ಹೋಗಾಣ ನಡಿ ಅಂತು."

ಎಲೆಯ ಮೇಲೆ ಪಾಯಸ ಹರಡುತ್ತಿತ್ತು, ತಡೆಯಲು ಕೈ ಏಳಲಿಲ್ಲ. ಮೊದಲು ಬಂದದ್ದು ಸಿಟ್ಟು. ಗೊತ್ತಿದ್ದೂ, ನನ್ನನ್ನು ಒಂದು ಮಾತು ಕೇಳದೆ, ನನ್ನ ಕೆಲಸವನ್ನು ಪಣಕ್ಕಿಟ್ಟು ಆಡಿದ್ದರು. ಅವರೇ ಕಲಿಸಿದ ಕಾನೂನಿನಂತೆ, ಒಬ್ಬರ ಕೆಲಸಕ್ಕೆ ಕುತ್ತು ಬರುವಂತಿದ್ದರೆ ಅವರಿಗೆ ಮೊದಲು ತಿಳಿಸಬೇಕು. ಗಿರಣಿಯ ಎಲ್ಲರಿಗೂ ಆ ನೋಟಿಸನ್ನು ಹಟ ಹಿಡಿದು ಕೊಡಿಸಿದವರು ನನಗೊಬ್ಬನಿಗೆ ಕೊಡಲಿಲ್ಲ.

ಕೊಟ್ಟಿದ್ದರೆ ನಾನು ಆ ಐದು ನಿಮಿಷದಲ್ಲೇ ಅರ್ಧ ದಿನದ ರಜೆ ಹಾಕಿರುತ್ತಿದ್ದೆ.